ಕಮಲಾದೇವಿ ಚುನಾವಣೆಗೆ ನಿಂತು ನೂರು ವರ್ಷ: ಪಕ್ಷಗಳ ರಾಜ್ಯಾಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಎಲ್ಲ ರಾಜಕೀಯ ಪಕ್ಷಗಳ ರಾಜ್ಯಾಧ್ಯಕ್ಷರಿಗೆ,

ಮಾನ್ಯರೇ,

ನಮಸ್ಕಾರ. ನಾನು ದಕ್ಷಿಣ ಕನ್ನಡದ ಒಂದು ಗ್ರಾಮ ಪಂಚಾಯತಿನ ಮಾಜಿ ಅಧ್ಯಕ್ಷೆ. ಎರಡು ಅವಧಿ, ಅಂದರೆ ಹತ್ತು ವರ್ಷ ಸದಸ್ಯೆಯಾಗಿದ್ದೆ. ಅದರಲ್ಲಿ ಎರಡೂವರೆ ವರ್ಷ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತಿದ್ದೆ. ಈ ಪತ್ರವನ್ನು ಒಂದು ಪಕ್ಷದ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ. ನಾನು ಹೇಳಬೇಕಾದ ಮಾತು ನಿಮ್ಮೆಲ್ಲರಿಗೂ ಒಂದೇ. ಹಾಗಾಗಿ ಎಲ್ಲರನ್ನೂ ಒಟ್ಟಿಗೇ ಸಂಬೋಧಿಸುತ್ತಿದ್ದೇನೆ.

2026ರ ನವೆಂಬರಿಗೆ ಒಂದು ಘಟನೆಗೆ ನೂರು ವರ್ಷ ತುಂಬುತ್ತದೆ. 1926ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ವರ್ಷ ಮದ್ರಾಸಿನ ವಿಧಾನ ಪರಿಷತ್ತಿಗೆ ಚುನಾವಣೆ ನಡೆಯಿತು. ಮಂಗಳೂರಿನಿಂದ ಒಬ್ಬ ಹೆಣ್ಣುಮಗಳು ಅದಕ್ಕೆ ನಿಂತರು. ವಯಸ್ಸು 23. ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. ಇಡೀ ದೇಶದಲ್ಲಿ ಶಾಸನಸಭೆಯ ಸೀಟಿಗೆ ಸ್ಪರ್ಧಿಸಿದ ಮೊದಲ ಮಹಿಳೆ ಅಂತ ಅವರ ಹೆಸರನ್ನೇ ಹೇಳುತ್ತಾರೆ.

ಹೋದ ವರ್ಷ ನಮ್ಮೂರ ಶಾಲೆಯಲ್ಲಿ ಮಕ್ಕಳ ಮುಂದೆ ಈ ಹೆಸರು ಹೇಳಿದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿ, "ಅವರು ಬಂಗಾಳದವರು ಅಲ್ವಾ ಟೀಚರ್?" ಅಂದಳು. ನಾನು ಟೀಚರ್ ಅಲ್ಲ, ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ತಪ್ಪು ಆ ಮಗುವಿನದಲ್ಲ. ಚಟ್ಟೋಪಾಧ್ಯಾಯ ಅನ್ನುವುದು ಗಂಡನ ಮನೆಯ ಹೆಸರು. ಕಮಲಾದೇವಿ ಹುಟ್ಟಿದ್ದು ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು. ಧಾರೇಶ್ವರ ಮನೆತನದ ಮಗಳು. 2018ರಲ್ಲಿ ಅವರ ಹುಟ್ಟಿದ ದಿನ ಗೂಗಲ್‌ನವರು ತಮ್ಮ ಮುಖಪುಟದಲ್ಲಿ ಅವರ ಚಿತ್ರ ಹಾಕಿದ್ದರು. ಅಷ್ಟು ದೂರದವರಿಗೆ ನೆನಪಾಯಿತು. ನಮ್ಮ ಜಿಲ್ಲೆಯಲ್ಲಿ ವೋಟು ಕೇಳಿಕೊಂಡು ತಿರುಗುವ ನಿಮ್ಮ ವೇದಿಕೆಗಳಲ್ಲಿ ಆ ಹೆಸರನ್ನು ನಾನು ಒಂದು ಸಲವೂ ಕೇಳಿಲ್ಲ.

ಅವರ ಬದುಕಿನ ಒಂದೆರಡು ಸಂಗತಿಗಳನ್ನು ನಿಮ್ಮ ಮುಂದೆ ಇಡಲೇಬೇಕು. ನನ್ನ ದೂರು ಶುರುವಾಗುವುದು ಅಲ್ಲಿಂದಲೇ.

ಕಮಲಾದೇವಿಗೆ ಏಳು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಆಗಿನ ಪದ್ಧತಿಯಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಹೆಂಡತಿಗೂ ಇಲ್ಲ, ಹೆಣ್ಣುಮಕ್ಕಳಿಗೂ ಇಲ್ಲ. ತಾಯಿ ಗಿರಿಜಾಬಾಯಿಯವರಿಗೆ ತಿಂಗಳಿಗೆ ಇಷ್ಟು ಅಂತ ಕೊಡುವ ಮಾತು ಬಂತು. ಅವರು ಬೇಡ ಅಂದರು. ತವರಿನಿಂದ ತಂದದ್ದರಲ್ಲೇ ಮಕ್ಕಳನ್ನು ಸಾಕಿದರು. ಕಮಲಾದೇವಿಗೆ 14ಕ್ಕೆ ಮದುವೆಯಾಯಿತು. ಎರಡು ವರ್ಷದೊಳಗೆ ಆ ಮಗಳು ವಿಧವೆ. ಆ ಕಾಲದಲ್ಲಿ ಅಂಥ ಹುಡುಗಿಯ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇವರದು ಮುಗಿಯಲಿಲ್ಲ. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಗೆಳೆತನವಾಯಿತು. ಆ ಮನೆಯ ಹರೀಂದ್ರನಾಥರನ್ನು ಮದುವೆಯಾದರು. ವಿಧವೆಯ ಮದುವೆ, ಅದೂ ಬೇರೆ ಭಾಷೆಯವರ ಜೊತೆ. ಊರಿನ ಹಿರಿಯರು ಎಷ್ಟು ಕೂಗಾಡಿರಬಹುದು, ನೀವೇ ಯೋಚಿಸಿ.

ಈಗ ವೋಟಿನ ವಿಷಯ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಹೆಣ್ಣುಮಕ್ಕಳ ತಂಡವೊಂದು ಮದ್ರಾಸಿನಲ್ಲಿ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮಂತ್ರಿ ಮಾಂಟೆಗು ಅವರನ್ನು ಕಂಡು, ಗಂಡಸರಿಗೆ ಕೊಡುವ ಮತದ ಹಕ್ಕನ್ನು ನಮಗೂ ಕೊಡಿ ಅಂತ ಕೇಳಿತು. ಆ ತಂಡ ಕಟ್ಟುವುದರಲ್ಲಿ ಓಡಾಡಿದವರು ಮಾರ್ಗರೆಟ್ ಕಸಿನ್ಸ್. ಐರ್ಲೆಂಡಿನವರು. ಅಲ್ಲಿ ಮತದ ಹಕ್ಕು ಕೇಳಿ ಜೈಲು ಕಂಡು ಬಂದವರು. 1919–20ರಲ್ಲಿ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯಸ್ಥೆಯಾಗಿದ್ದವರೂ ಅವರೇ. ಬ್ರಿಟಿಷ್ ಸರ್ಕಾರ ಈ ಬೇಡಿಕೆಯನ್ನು ತಾನು ತೀರ್ಮಾನಿಸದೆ ಪ್ರಾಂತ್ಯಗಳ ತಲೆಗೆ ಹಾಕಿತು. 1921ರಲ್ಲಿ ಮದ್ರಾಸ್ ಪ್ರಾಂತ್ಯ ಹೂಂ ಅಂದಿತು. ಮೈಸೂರು ಸಂಸ್ಥಾನವೂ ಹೆಚ್ಚು ತಡಮಾಡಲಿಲ್ಲ. ಆದರೆ ಆಗ ವೋಟು ಎಲ್ಲರಿಗೂ ಇರಲಿಲ್ಲ. ಆಸ್ತಿ ಇರಬೇಕು, ಕಂದಾಯ ಕಟ್ಟುತ್ತಿರಬೇಕು. ಗಿರಿಜಾಬಾಯಿಯವರಂಥ ಹೆಂಗಸರ ಕೈಯಲ್ಲಿ ಆಸ್ತಿ ಎಲ್ಲಿತ್ತು? ಹಾಗಾಗಿ ಹಕ್ಕು ಬಂದ ಮೇಲೂ ಮತದಾರರ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಹುಡುಕಿ ತೆಗೆಯಬೇಕಿತ್ತು.

ಚುನಾವಣೆಗೆ ನಿಲ್ಲುವ ಹಕ್ಕು ಬಂದದ್ದು ಇನ್ನೂ ತಡವಾಗಿ, 1926ರಲ್ಲಿ. ಅಷ್ಟು ಹೊತ್ತಿಗೆ ಚುನಾವಣೆ ಬಾಗಿಲಿಗೇ ಬಂದಿತ್ತು. ನಿಲ್ಲು ಅಂತ ಕಮಲಾದೇವಿಗೆ ಧೈರ್ಯ ತುಂಬಿದವರು ಕಸಿನ್ಸ್. ಹಿಂದೆ ಯಾರೂ ನಡೆದ ದಾರಿಯಲ್ಲ. ಪ್ರಚಾರಕ್ಕೆ ಸಿಕ್ಕ ಸಮಯ ತೀರಾ ಕಡಿಮೆ. ಪಟ್ಟಿಯಲ್ಲಿದ್ದ ಬಹುತೇಕರು ಗಂಡಸರು, ಅವರಲ್ಲೂ ಆಸ್ತಿವಂತರು. ಆದರೂ ಸೋತದ್ದು ಬಹಳ ಸಣ್ಣ ಅಂತರದಲ್ಲಿ. 55 ಮತ ಅಂತ ಹೇಳುತ್ತಾರೆ. ಆಮೇಲೆ ಸರ್ಕಾರ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಅದೇ ಪರಿಷತ್ತಿಗೆ ನಾಮಕರಣ ಮಾಡಿತು. ಸದನ ಅವರನ್ನು ಉಪಾಧ್ಯಕ್ಷೆಯನ್ನಾಗಿ ಆರಿಸಿತು. ದೇವದಾಸಿ ಪದ್ಧತಿಯ ವಿರುದ್ಧ ಅವರು ಅಲ್ಲಿ ಮಾಡಿದ ಕೆಲಸ ಎಲ್ಲರಿಗೂ ಗೊತ್ತಿದೆ. ಒಬ್ಬ ಹೆಣ್ಣುಮಗಳು ಒಳಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿತ್ತು.

ಮಾನ್ಯರೇ, ಆ 55 ಮತಗಳನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಇನ್ನೊಂದು ತಿಂಗಳು ಸಿಕ್ಕಿದ್ದರೆ? ಪಟ್ಟಿಯಲ್ಲಿ ಇನ್ನೊಂದಷ್ಟು ಹೆಂಗಸರ ಹೆಸರಿದ್ದಿದ್ದರೆ? ಈಗ ಹೆಸರಿದೆ. ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ. ಆದರೂ 2023ರಲ್ಲಿ ಈ ಜಿಲ್ಲೆಯ 8 ಕ್ಷೇತ್ರಗಳಿಂದ ವಿಧಾನಸಭೆಗೆ ಹೋದ ಮಹಿಳೆ ಒಬ್ಬರೇ, ಸುಳ್ಯದಿಂದ. ಹಿಂದೆ ಪುತ್ತೂರು ಹೆಣ್ಣುಮಕ್ಕಳನ್ನು ಆರಿಸಿ ಕಳಿಸಿದ್ದೂ ಉಂಟು. ಅಂದರೆ ನಮ್ಮ ಜನ ಹೆಣ್ಣಿಗೆ ವೋಟು ಹಾಕುವುದಿಲ್ಲ ಅನ್ನುವ ಮಾತು ಸುಳ್ಳು. ಇಡೀ ರಾಜ್ಯದ 224 ಸ್ಥಾನಗಳಲ್ಲಿ ಆ ಸಲ ಗೆದ್ದ ಮಹಿಳೆಯರು 10. ಮತದಾರರಲ್ಲಿ ಹೆಚ್ಚುಕಮ್ಮಿ ಅರ್ಧ ನಾವು. ಶಾಸಕರಲ್ಲಿ ಇಪ್ಪತ್ತಕ್ಕೆ ಒಬ್ಬರೂ ನಾವಲ್ಲ. ಇದಕ್ಕೆ ಮತದಾರರು ಕಾರಣವಲ್ಲ. ನೀವು ನಿಲ್ಲಿಸಿದರೆ ತಾನೇ ಅವರು ಆರಿಸುವುದು? ದೊಡ್ಡ ಪಕ್ಷಗಳು ಒಂದೊಂದೂ ಹೆಣ್ಣುಮಕ್ಕಳಿಗೆ ಕೊಟ್ಟ ಟಿಕೆಟ್ ಹತ್ತು-ಹದಿನೈದರೊಳಗೇ ಇತ್ತು.

ನನ್ನ ಅನುಭವವನ್ನೂ ಹೇಳುತ್ತೇನೆ. ನಾನು ಅಧ್ಯಕ್ಷೆಯಾದ ಮೇಲಿನ ಮೊದಲ ಸಾಮಾನ್ಯ ಸಭೆ. ಕಾಲು ಗಂಟೆ ಮೊದಲೇ ಹೋದೆ. ಮೂವರು ಸದಸ್ಯೆಯರ ಕುರ್ಚಿಗಳ ಹಿಂದೆ ಇನ್ನೂ ಮೂರು ಕುರ್ಚಿ ಹಾಕಿತ್ತು. ಅದರಲ್ಲಿ ಅವರವರ ಗಂಡಂದಿರು ಕೂತಿದ್ದರು. ಕಡತ ಮೊದಲು ಹಿಂದಿನ ಕುರ್ಚಿಗೆ ಹೋಗಿ, ಅಲ್ಲಿಂದ ಸಹಿಗೆ ಅಂತ ಮುಂದಿನ ಕುರ್ಚಿಗೆ ಬರುತ್ತಿತ್ತು. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಅದು ತಪ್ಪು ಅಂತ ಅನಿಸಿದ ಹಾಗೆ ಕಾಣಲಿಲ್ಲ. "ಅಣ್ಣ, ನೀವು ಮೂವರೂ ಹೊರಗೆ ಜಗಲಿಯಲ್ಲಿ ಕೂತ್ಕೊಳ್ಳಿ, ಚಾ ಕಳಿಸುತ್ತೇನೆ" ಅಂದೆ. ಒಬ್ಬರು ಎದ್ದು ಹೋದರು. ಇನ್ನಿಬ್ಬರು ಏಳುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ನಾನು ಸಭೆ ಶುರು ಮಾಡಲಿಲ್ಲ.

ಆ ಮೂವರಲ್ಲಿ ಒಬ್ಬಾಕೆ ಬೀಡಿ ಕಟ್ಟುವವರು. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಅಲ್ಲಿಂದಲೇ ಸಭೆಗೆ ಬರುತ್ತಿದ್ದರು. ಸೀರೆಯಿಂದ ಹೊಗೆಸೊಪ್ಪಿನ ವಾಸನೆ ಬರುತ್ತದೆ ಅಂತ ಸಂಕೋಚಪಟ್ಟುಕೊಂಡು ಕೊನೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಐದಾರು ತಿಂಗಳು ಒಂದು ಮಾತೂ ಆಡಲಿಲ್ಲ. ಒಂದು ದಿನ ಕುಡಿಯುವ ನೀರಿನ ಚರ್ಚೆ ಬಂತು. ಮೇಲಿನ ಮನೆಗಳಿಗೆ ನೀರು ಏರುತ್ತಿಲ್ಲ, ಹೊಸ ಪಂಪು ಬೇಕು ಅಂತ ಎಲ್ಲರೂ ಮಾತಾಡುತ್ತಿದ್ದರು. ಆಕೆ ಎದ್ದು ನಿಂತು, "ಪಂಪು ಸರಿ ಇದೆ. ಶಾಲೆ ಹತ್ತಿರದ ವಾಲ್ವ್ ಅರ್ಧ ತಿರುಗಿಸಿ ಬಿಡುತ್ತಿದ್ದಾರೆ. ನಾನು ಬೆಳಿಗ್ಗೆ ಐದೂವರೆಗೆ ನೋಡಿದ್ದೇನೆ" ಅಂದರು. ಹೋಗಿ ನೋಡಿದರೆ ಆಕೆ ಹೇಳಿದ್ದು ನಿಜ. ಹೊಸ ಪಂಪಿನ ದುಡ್ಡು ಉಳಿಯಿತು. ಬೆಳಿಗ್ಗೆ ಐದೂವರೆಗೆ ಕೊಡ ಹಿಡಿದು ನಿಲ್ಲುವವರಿಗೆ ಗೊತ್ತಿರುವುದು ಉಳಿದವರಿಗೆ ಹೇಗೆ ಗೊತ್ತಾಗಬೇಕು? ಆಕೆ ಆ ಸಭೆಯಲ್ಲಿ ಇದ್ದದ್ದು ಮೀಸಲಾತಿಯಿಂದ. 1983ರ ಕಾನೂನಿನಲ್ಲಿ ಕರ್ನಾಟಕ ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಇಟ್ಟಿತು. ದೇಶದ ಸಂವಿಧಾನ ಆ ಮಾತಿಗೆ ಬರುವುದಕ್ಕೆ ಇನ್ನೂ ಹತ್ತು ವರ್ಷ ಹಿಡಿಯಿತು. ಈಗ ಪಂಚಾಯತಿಗಳಲ್ಲಿ ನಮ್ಮ ರಾಜ್ಯದ ಮೀಸಲಾತಿ ಶೇ 50. ಇದನ್ನು ಮಾಡಿದ್ದೂ ನಿಮ್ಮ ಪಕ್ಷಗಳ ಸರ್ಕಾರಗಳೇ. ಅದಕ್ಕೆ ನಾನು ಮನಸಾರೆ ಋಣಿ. ನಾನು ಈ ಪತ್ರ ಬರೆಯುವ ಹಾಗಾದದ್ದೂ ಅದರಿಂದಲೇ.

ಆದರೆ ಪಂಚಾಯತಿನಿಂದ ಮುಂದೆ ಏಣಿಯೇ ಇಲ್ಲ. 2021ರಲ್ಲಿ ಜಿಲ್ಲಾ ಪಂಚಾಯತ್ ಚುನಾವಣೆಯ ಮಾತು ಬಂದಾಗ ನಾನೂ ಟಿಕೆಟ್ ಕೇಳಿದೆ. ಪಕ್ಷದ ಹೆಸರು ಹೇಳುವುದಿಲ್ಲ. ತಾಲೂಕಿನ ಮುಖಂಡರೊಬ್ಬರು ಮನೆಗೆ ಬಂದರು. ಪಂಚಾಯತಿನಲ್ಲಿ ಏನು ಕೆಲಸ ಮಾಡಿದ್ದೀರಿ ಅಂತ ಕೇಳುತ್ತಾರೆ ಅಂತ ನಾನು ಫೈಲು ತೆಗೆದಿಟ್ಟಿದ್ದೆ. ಅವರು ಕೇಳಿದ್ದು ಎರಡೇ. "ನಿಮ್ಮ ಯಜಮಾನರು ಏನು ಮಾಡ್ತಾರೆ ಅಕ್ಕ?" ಆಮೇಲೆ, "ನಿಮ್ಮ ಕಡೆಯಿಂದ ಎಷ್ಟು ಹಾಕಬಹುದು?" ಫೈಲು ಮೇಜಿನ ಮೇಲೆ ಹಾಗೇ ಇತ್ತು. ಮನೆ, ತೋಟ ಎರಡೂ ಗಂಡನ ಹೆಸರಿನಲ್ಲಿದೆ, ನನ್ನ ಹೆಸರಿನಲ್ಲಿರುವುದು ಸಂಘದ ಉಳಿತಾಯ ಮಾತ್ರ ಅಂದೆ. ಅವರು ಬಜಿಲ್ (ಅವಲಕ್ಕಿ), ಚಾ ಮುಗಿಸಿ, ನೋಡೋಣ ಅಂತ ಹೇಳಿ ಹೋದರು.

ಅವತ್ತು ರಾತ್ರಿ ನನಗೆ ಗಿರಿಜಾಬಾಯಿಯವರು ನೆನಪಾದರು. ನೂರು ವರ್ಷದ ಹಿಂದೆ ಆಸ್ತಿ ಇಲ್ಲದ ಹೆಣ್ಣಿಗೆ ವೋಟು ಇರಲಿಲ್ಲ. ಈಗ ವೋಟು ಇದೆ, ಆಸ್ತಿ ಇಲ್ಲದ ಹೆಣ್ಣಿಗೆ ಟಿಕೆಟ್ ಇಲ್ಲ. ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಕೇಂದ್ರ 2005ರಲ್ಲಿ ಮಾಡಿತು. ಆದರೆ ಪಾಲು ಕೇಳಿದ ತಂಗಿಗೆ ತವರಿನ ಬಾಗಿಲು ಮುಚ್ಚುವ ಮನೆಗಳು ನಮ್ಮ ಸುತ್ತ ಎಷ್ಟಿಲ್ಲ? ವಿಧಾನಸಭೆಯ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು ಅಂತ ಚುನಾವಣಾ ಆಯೋಗದ ನಿಯಮ ಇದೆ. ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಟಿಕೆಟ್ಟಿಗೆ ಅರ್ಜಿ ಹಾಕುವುದಕ್ಕೇ ಲಕ್ಷದ ಲೆಕ್ಕದಲ್ಲಿ ಡಿಡಿ ಕೇಳಿದ ಪಕ್ಷವೂ ಇದೆ. ಆ ಡಿಡಿ ಯಾರ ಹೆಸರಿನ ಖಾತೆಯಿಂದ ಬರುತ್ತದೆ?

ಇನ್ನು ಆ ಜಿಲ್ಲಾ ಪಂಚಾಯತ್ ಚುನಾವಣೆ. ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸರ್ಕಾರ ಬದಲಾಯಿತು, ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ಕಾರಣಗಳೂ ಬದಲಾದವು. ಇದರಿಂದ ಜಾಸ್ತಿ ನಷ್ಟ ಯಾರಿಗೆ ಆಯಿತು ಅಂತ ಯೋಚಿಸಿದ್ದೀರಾ? ಜಿಲ್ಲಾ, ತಾಲೂಕು ಪಂಚಾಯತ್‌ಗಳಲ್ಲಿ ಅರ್ಧ ಸ್ಥಾನ ನಮ್ಮದು. ಗ್ರಾಮ ಪಂಚಾಯತಿನಲ್ಲಿ ಪಳಗಿದ ಹೆಣ್ಣುಮಗಳು ಜಿಲ್ಲೆಗೆ ಹೋಗಿ, ಅಧಿಕಾರಿಗಳ ಜೊತೆ ಮಾತಾಡಿ, ಬಜೆಟ್ ಓದಿ ಕಲಿಯುವ ಜಾಗ ಅದು. ಅದಿಲ್ಲದೆ ಅವಳು ನೇರ ವಿಧಾನಸಭೆಯ ಬಾಗಿಲಿಗೆ ಬರಬೇಕು. ಆಗ ನೀವೇ "ಅನುಭವ ಇರುವ ಮಹಿಳೆಯರು ಸಿಗುವುದಿಲ್ಲ" ಅನ್ನುತ್ತೀರಿ. ಈ ಮಾತಿನಿಂದ ನನಗೆ ನಿಜಕ್ಕೂ ನೋವಾಗುತ್ತದೆ.

ಕಾನೂನು ಬಂದಿದೆಯಲ್ಲ, ಕಾಯಿರಿ ಅಂತ ನೀವು ಹೇಳಬಹುದು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಅನ್ನುವ ಮಸೂದೆ ಮೊದಲ ಸಲ ಸಂಸತ್ತಿಗೆ ಬಂದದ್ದು 1996ರಲ್ಲಿ. ಅಂಗೀಕಾರ ಆದದ್ದು 2023ರಲ್ಲಿ. ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ ಅಂತ ಆ ತಿದ್ದುಪಡಿಯಲ್ಲೇ ಬರೆದರು. 1996ರಲ್ಲಿ ಹುಟ್ಟಿದ ಹೆಣ್ಣುಮಗು ಈಗ ಮಕ್ಕಳ ತಾಯಿ. ಇನ್ನೂ ಕಾಯಿರಿ ಅಂತ ಅವಳಿಗೆ ಹೇಳುವುದಕ್ಕೆ ನನ್ನ ಬಾಯಿ ಬರುವುದಿಲ್ಲ. ಮೇಲಾಗಿ, ನಿಮ್ಮ ಪಕ್ಷದ ಟಿಕೆಟ್ ಹಂಚುವುದಕ್ಕೆ ಯಾವ ಜನಗಣತಿಯೂ ಬೇಕಾಗಿಲ್ಲ.

ಕಮಲಾದೇವಿ ಕಾಯಲಿಲ್ಲ. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗೆ ಹೆಜ್ಜೆ ಹಾಕಿದ 78 ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕಮಲಾದೇವಿ ಗಾಂಧೀಜಿಯವರನ್ನು ಹುಡುಕಿಕೊಂಡು ಹೋಗಿ, ಹೆಣ್ಣುಮಕ್ಕಳನ್ನೂ ಈ ಸತ್ಯಾಗ್ರಹಕ್ಕೆ ಕರೆಯಬೇಕು ಅಂತ ಕೇಳಿದರು. ಗಾಂಧೀಜಿ ಒಪ್ಪಿದರು. ಮುಂಬಯಿಯಲ್ಲಿ ಮೊದಲು ಉಪ್ಪಿನ ಕಾನೂನು ಮುರಿದವರ ಸಾಲಿನಲ್ಲಿ ಅವಂತಿಕಾಬಾಯಿ ಗೋಖಲೆ ಮತ್ತು ಕಮಲಾದೇವಿ ಇದ್ದರು. ಕಮಲಾದೇವಿ ಅಲ್ಲಿ ಮಾಡಿದ ಉಪ್ಪಿನ ಪೊಟ್ಟಣ ಹಿಡಿದುಕೊಂಡು ಹೈಕೋರ್ಟಿಗೇ ಹೋಗಿ, ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಅಂತ ಅಲ್ಲಿನ ಮ್ಯಾಜಿಸ್ಟ್ರೇಟರನ್ನು ಕೇಳಿದರಂತೆ. ಷೇರುಪೇಟೆಯೊಳಗೆ ಉಪ್ಪು ಮಾರಲು ಹೋಗಿ ಬಂಧನಕ್ಕೆ ಒಳಗಾದರು. ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. ಆ ವರ್ಷ ಸಾವಿರಾರು ಹೆಣ್ಣುಮಕ್ಕಳು ಮನೆಯಿಂದ ಬೀದಿಗೆ ಬಂದರು. ಗಾಂಧೀಜಿಯವರಂಥ ನಾಯಕರೂ ಒಬ್ಬ ಹೆಣ್ಣುಮಗಳ ಮಾತು ಕೇಳಿ ತಮ್ಮ ತೀರ್ಮಾನ ಬದಲಿಸಿದರು ಅನ್ನುವುದು ನನಗೆ ಬಹಳ ದೊಡ್ಡ ಸಂಗತಿ. ನಿಮಗೂ ಅದು ಸಾಧ್ಯ.

1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಕೆಲಸ ಹೊತ್ತು ಊರೂರು ತಿರುಗಿದವರಲ್ಲಿ ಕಮಲಾದೇವಿ ಮುಖ್ಯರು. ಎರಡು ವರ್ಷದಲ್ಲಿ ಬಾಲ್ಯವಿವಾಹ ತಡೆಯುವ ಕಾಯ್ದೆ ಬಂತು. ಅದರ ಹಿಂದೆ ಈ ಹೆಣ್ಣುಮಕ್ಕಳ ಒತ್ತಾಯ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ದೇಶ ವಿಭಜನೆಯಾಗಿ ಊರು ಬಿಟ್ಟು ಬಂದ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಮಾಡಿಕೊಡುವುದಕ್ಕೆ ದುಡಿದರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ನೇಕಾರರು, ಕುಂಬಾರರ ಮನೆಬಾಗಿಲಿಗೆ ಹೋದರು. ಮ್ಯಾಗ್ಸೆಸೆ ಪ್ರಶಸ್ತಿ, ಪದ್ಮವಿಭೂಷಣ ಎಲ್ಲ ಬಂತು. 1988ರಲ್ಲಿ ತೀರಿಕೊಂಡರು. ಕೈಮಗ್ಗದ ಸೀರೆಯ ಜೊತೆ ಅವರನ್ನು ನೆನೆಯುವವರು ಇದ್ದಾರೆ, ಅದು ಸರಿಯೇ. ಆದರೆ ಮತಪೆಟ್ಟಿಗೆಯ ಜೊತೆ ಅವರನ್ನು ನೆನೆಯಬೇಕಾದವರು ನೀವು.

ನನ್ನ ಕೋರಿಕೆಗಳು ದೊಡ್ಡವಲ್ಲ. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರುತ್ತದೆ. ಅದಕ್ಕೆ ನಿಮ್ಮ ಟಿಕೆಟ್ಟುಗಳಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಕೊಡುತ್ತೇವೆ ಅಂತ ಈಗಲೇ ಬರೆದು ಕೊಡಿ. ಹೇಗೂ ಸೋಲುವ ಕ್ಷೇತ್ರ ಅಂತ ಗೊತ್ತಿರುವ ಕಡೆ ಹೆಂಗಸರನ್ನು ನಿಲ್ಲಿಸಿ ಲೆಕ್ಕ ತುಂಬಿಸಬೇಡಿ. ನೀವು ಹಿಂದೆ ಗೆದ್ದ ಕ್ಷೇತ್ರಗಳಲ್ಲೂ ಕೊಡಿ. ತೀರಿಕೊಂಡ ಶಾಸಕರ ಹೆಂಡತಿ, ಮಗಳು, ಸೊಸೆ ನಿಲ್ಲುವುದಕ್ಕೆ ನನ್ನ ವಿರೋಧ ಇಲ್ಲ. ಅವರಲ್ಲೂ ಚೆನ್ನಾಗಿ ಕೆಲಸ ಮಾಡುವವರಿದ್ದಾರೆ. ಆದರೆ ಪಂಚಾಯತಿನಲ್ಲಿ ಹತ್ತು ವರ್ಷ ಬೆವರು ಹರಿಸಿದ, ಹಿಂದೆ ಮುಂದೆ ಯಾರೂ ಇಲ್ಲದವರ ಹೆಸರೂ ಆ ಪಟ್ಟಿಯಲ್ಲಿ ಇರಲಿ.

ಹೆಸರನ್ನು ಒಂದು ವರ್ಷ ಮೊದಲೇ ಹೇಳಿ. ಇದನ್ನು ಒತ್ತಿ ಹೇಳುತ್ತೇನೆ. ಕಮಲಾದೇವಿ ಸೋತದ್ದು ಸಮಯ ಸಾಲದೆ. ನಾಮಪತ್ರದ ಕೊನೆಯ ದಿನದ ಹಿಂದಿನ ರಾತ್ರಿ ಟಿಕೆಟ್ ಕೊಟ್ಟರೆ, ದುಡ್ಡು, ವಾಹನ, ಬೂತಿನ ಹುಡುಗರು ಮೊದಲೇ ಇರುವವನು ಗೆಲ್ಲುತ್ತಾನೆ. ಮನೆ ಮನೆಗೆ ಕಾಲ್ನಡಿಗೆಯಲ್ಲಿ ಹೋಗಿ ವೋಟು ಕೇಳುವ ಹೆಣ್ಣುಮಗಳಿಗೆ ದಿನಗಳು ಬೇಕು. ಅರ್ಜಿ ಶುಲ್ಕವನ್ನು ನಮಗೆ ಪೂರ್ತಿ ಬಿಡಿ. ಪಕ್ಷದ ನಿಧಿಯಿಂದ ಪ್ರಚಾರದ ಖರ್ಚು ಕೊಡಿ. ಅರ್ಜಿ ಹಾಕಿದ ಹೆಣ್ಣುಮಕ್ಕಳು ಎಷ್ಟು, ಟಿಕೆಟ್ ಸಿಕ್ಕಿದ್ದು ಎಷ್ಟು ಜನರಿಗೆ ಅನ್ನುವುದನ್ನು ಜನರ ಮುಂದೆ ಇಡಿ. ಮತ್ತು ದಯವಿಟ್ಟು, ಸಂದರ್ಶನಕ್ಕೆ ಬಂದವಳನ್ನು ಯಜಮಾನರ ಬಗ್ಗೆ ಕೇಳುವ ಮೊದಲು ಅವಳ ಫೈಲು ಬಿಚ್ಚಿ ನೋಡಿ.

ಈ ನವೆಂಬರಿನಲ್ಲಿ ನಮ್ಮೂರಿನ ಪಂಚಾಯತ್ ಸಭಾಭವನದಲ್ಲಿ ಸುತ್ತಮುತ್ತಲಿನ ಹಾಲಿ, ಮಾಜಿ ಸದಸ್ಯೆಯರು ಸೇರಬೇಕು ಅಂತ ಮಾತಾಡಿಕೊಂಡಿದ್ದೇವೆ. ವಾಲ್ವಿನ ವಿಷಯ ಹೇಳಿದ ನಮ್ಮ ಬೀಡಿ ಅಕ್ಕನೇ ಅಧ್ಯಕ್ಷತೆ ವಹಿಸುತ್ತಾರೆ. ಕಮಲಾದೇವಿಯವರ ಒಂದು ಫೋಟೋ ಇಡುತ್ತೇವೆ. ಅವತ್ತು ನಿಮ್ಮ ಉತ್ತರಗಳನ್ನು ಒಂದೊಂದಾಗಿ ಓದುತ್ತೇವೆ. ಯಾವ ಪಕ್ಷದಿಂದ ಉತ್ತರ ಬರಲಿಲ್ಲವೋ ಆ ಹೆಸರನ್ನೂ ಓದುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಗ್ರಾಮ ಪಂಚಾಯತಿನ ಒಬ್ಬ ಮಾಜಿ ಅಧ್ಯಕ್ಷೆ,
ದಕ್ಷಿಣ ಕನ್ನಡ